ಮಂಗಳ ಹಾಡದ ಭಾನುವಾರಗಳು

ಒಬ್ಬ ಮನುಷ್ಯನ ಸಂಸ್ಕಾರವನ್ನು ಅಳೆಯಬೇಕಾದರೆ ಅವನು ಯಾವುದನ್ನು ಪ್ರೀತಿಸಿದ ಎಂದು ಕೇಳಬಾರದು, ಯಾವುದಕ್ಕಾಗಿ ಜಗಳವಾಡಿದ ಎಂದು ಕೇಳಬೇಕು. ಈ ಮಾತನ್ನು ಯಾವ ದಾರ್ಶನಿಕನೂ ಹೇಳಿಲ್ಲ. ದವಡೆ ಹಲ್ಲೊಂದನ್ನು ಕೀಳಿಸಿಕೊಳ್ಳಲು ಬಾಯಿ ತೆರೆದು ಕೂತಿದ್ದಾಗ ನನಗೇ ಹೊಳೆದದ್ದು. ಬಾಯಿ ತೆರೆದೇ ಇದ್ದುದರಿಂದ ಆಗ ಯಾರಿಗೂ ಹೇಳಲಾಗಲಿಲ್ಲ. ಮುಚ್ಚುವ ಹೊತ್ತಿಗೆ ಅದರ ಗಾಂಭೀರ್ಯ ಕಡಿಮೆಯಾಗಿತ್ತು.

ಮತ್ತೆ ನೆನಪಾದದ್ದು ಕಳೆದ ತಿಂಗಳು, ಯಲ್ಲಾಪುರದ ತಂಗಿಯ ಮನೆಯಲ್ಲಿ. ಸಂಜೆ ಸೊಳ್ಳೆ ಓಡಿಸಲೆಂದು ಭಾವ ಕೊಟ್ಟಿಗೆಯ ಬಾಗಿಲಲ್ಲಿ ಲಕ್ಕಿ ಸೊಪ್ಪಿನ ಹೊಗೆ ಹಾಕಿದರು. ಸೊಳ್ಳೆಗಳು ಕದಲಲಿಲ್ಲ, ನಾನು ಕದಲಿದೆ. ಆ ಕಹಿ ಘಾಟು ಮೂಗಿಗೆ ಬಡಿದದ್ದೇ ತಡ, ಶಿರಸಿಯ ಒಂದು ಮಹಡಿ ಕೋಣೆ, ಅಲ್ಲಿ ಗೋಡೆಗೆ ತಾಗಿಸಿಟ್ಟ ತಗಡಿನ ಪೆಟ್ಟಿಗೆಗಳು, ಮೆಟ್ಟಿಲ ಬುಡದಲ್ಲಿ ನೀರು ಬಸಿಯುತ್ತಿದ್ದ ಕೊಡೆಗಳು, ಎಲ್ಲ ಒಟ್ಟಿಗೆ ಎದುರು ಬಂದು ನಿಂತವು. ಕಣ್ಣಲ್ಲಿ ನೀರು ಬಂತು. ಹೊಗೆಯಿಂದ ಎಂದು ತಂಗಿಗೆ ಹೇಳಿದೆ. ಅವಳು ನಂಬಿದಳು.

ಅದು ಊರಿಗೆ ಊರೇ ಮಾಸ್ಕು ಕಳಚಿ ಮೂಗು ಹೊರಗೆ ಹಾಕಿದ ವರ್ಷದ ಮಳೆಗಾಲ. ಬರೀ ಕಣ್ಣುಗಳನ್ನು ನೋಡಿ ರೂಢಿಯಾಗಿದ್ದವರಿಗೆ ಪರಿಚಿತರ ಪೂರ್ತಿ ಮುಖ ನೋಡಿ ಸ್ವಲ್ಪ ನಿರಾಸೆಯೂ ಆಗಿತ್ತು. ನಾನಾಗ ಸಿದ್ದಾಪುರದ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತಿದ್ದೆ, ಮನೆ ಶಿರಸಿಯಲ್ಲಿ. ವಾರವಿಡೀ ಸತ್ತ ಅರಸರ ವಿಷಯ ಮಾತಾಡಿ, ಭಾನುವಾರ ಸಾಯುತ್ತಿರುವ ಕಲೆಗಳ ವಿಷಯ ಮಾತಾಡಲು ಪಾಂಡುರಂಗ ಪೈಗಳ ಬಟ್ಟೆ ಅಂಗಡಿಯ ಮಹಡಿ ಹತ್ತುತ್ತಿದ್ದೆ. ಅಲ್ಲಿ ನಮ್ಮದೊಂದು ಸಂಘವಿತ್ತು. ‘ದೃಶ್ಯ ಶ್ರವ್ಯ ಚಿಂತನ ವೇದಿಕೆ’ ಎಂದು ನಾನೇ ಹೆಸರಿಟ್ಟಿದ್ದೆ. ಬಾಗಿಲ ಮೇಲಿನ ಹಲಗೆಯಲ್ಲಿ ಅಷ್ಟು ಅಕ್ಷರ ಹಿಡಿಸದೆ ಹೋದದ್ದರಿಂದ ಬೋರ್ಡು ಹಾಕಲಿಲ್ಲ. ಊರಿನವರು ಅದನ್ನು ‘ಪೈಗಳ ಮೇಲಿನವರು’ ಎಂದು ಕರೆಯುತ್ತಿದ್ದರು. ಕಾಗದದಲ್ಲಿ ಸದಸ್ಯರು ಬಹಳ ಮಂದಿ. ಜಗಳಕ್ಕೆ ಬರುತ್ತಿದ್ದವರು ನಾಲ್ವರು.

ಸಿನಿಮಾ ನನ್ನ ವಿಭಾಗ. ಸಿನಿಮಾಕ್ಕೆ ಬಣ್ಣ ಬಂದ ದಿನದಿಂದ ನಿರ್ದೇಶಕರಿಗೆ ಹೇಳಲು ಏನೂ ಉಳಿದಿಲ್ಲ ಎನ್ನುವುದು ನನ್ನ ಸಿದ್ಧಾಂತವಾಗಿತ್ತು, ಈಗಲೂ ಆಗಿದೆ. ಎರಡು ಪಾತ್ರಗಳು ಸುಮ್ಮನೆ ಕೂತಿರುವಾಗ ಹಿಂದಿನಿಂದ ಪಿಟೀಲು ನುಡಿಸಿ ‘ಈಗ ದುಃಖಪಡಿ’ ಎಂದು ಪ್ರೇಕ್ಷಕನಿಗೆ ಆಜ್ಞೆ ಮಾಡುವವನನ್ನು ನಾನು ಕಲಾವಿದನೆಂದು ಒಪ್ಪುವುದಿಲ್ಲ. ಮಧ್ಯಂತರದ ನಂತರ ಸುಧಾರಿಸಿದ ಸಿನಿಮಾವನ್ನೂ ಮದುವೆಯ ನಂತರ ಸುಧಾರಿಸಿದ ಗಂಡನನ್ನೂ ನಾನು ಇನ್ನೂ ನೋಡಿಲ್ಲ. ಈ ಮಾತನ್ನು ಮನೆಯಲ್ಲಿ ಹೇಳಿದಾಗ ಹೆಂಡತಿ ತಕ್ಷಣ ಒಪ್ಪಿಕೊಂಡಳು. ನನಗೆ ಅದು ಅಷ್ಟು ಹಿಡಿಸಲಿಲ್ಲ.

ಸಂಗೀತದ ವಿಭಾಗ ಡಾಕ್ಟರ್ ಪಾಸ್ಕಲ್ ಅವರದು. ಕಾರವಾರದ ಕಡೆಯವರು, ದಂತವೈದ್ಯರು. ಮೂರು ಹೊತ್ತೂ ಎಲೆ ಅಡಿಕೆಯ ಕವಳ ಹಾಕುವ ಸೀಮೆಗೆ ಬಂದು ಹಲ್ಲಿನ ಕ್ಲಿನಿಕ್ ತೆರೆಯುವಷ್ಟು ವ್ಯವಹಾರಜ್ಞಾನ ಅವರಿಗಿತ್ತು. ಅದೊಂದನ್ನು ಬಿಟ್ಟರೆ ಉಳಿದ ತಲೆಯೆಲ್ಲ ಹಳೆಯ ರಾಕ್ ಸಂಗೀತ. ಕ್ಲಿನಿಕ್ಕಿನಲ್ಲಿ ಹಾಡಿನ ಕಪ್ಪು ತಟ್ಟೆಗಳನ್ನು ತಿರುಗಿಸುವ ಯಂತ್ರವಿತ್ತು. ಹಲ್ಲು ಕೊರೆಯುವ ಮೆಷಿನ್ನೂ ಗಿಟಾರೂ ಒಂದೇ ಶ್ರುತಿಯಲ್ಲಿ ಕಿರುಚುವಾಗ ಯಾವುದು ತನ್ನ ಬಾಯಲ್ಲಿದೆ ಎಂದು ರೋಗಿಗೆ ಗೊತ್ತಾಗುತ್ತಿರಲಿಲ್ಲ. ಐದು ನಿಮಿಷದೊಳಗೆ ಮುಗಿಯುವುದು ಹಾಡಲ್ಲ, ಜಾಹೀರಾತು ಎಂದು ಅವರ ಮತ. ಡ್ರಮ್ಮಿನ ಜಾಗದಲ್ಲಿ ಯಂತ್ರ ತಂದು ಕೂರಿಸಿದ ದಿನ ರಾಕ್ ಸತ್ತಿತು. ಆಮೇಲೆ ಬಂದದ್ದೆಲ್ಲ ಅದರ ತಿಥಿ. ಎಲ್ಲಕ್ಕಿಂತ ಅವರಿಗೆ ಸಿಟ್ಟಿದ್ದದ್ದು ಕೊನೆಯಲ್ಲಿ ಸಣ್ಣಗಾಗುತ್ತ ಸಣ್ಣಗಾಗುತ್ತ ಕರಗಿಹೋಗುವ ಹಾಡುಗಳ ಮೇಲೆ. ಮುಗಿಸಲು ಬಾರದ ಹೇಡಿಗಳು, ಧ್ವನಿಯ ಗುಂಡಿ ತಿರುಗಿಸಿ ಹಿತ್ತಿಲ ಬಾಗಿಲಿನಿಂದ ಓಡಿಹೋಗುತ್ತಾರೆ ಎನ್ನುತ್ತಿದ್ದರು. ನನ್ನ ಹಲ್ಲು ಕೀಳುವಾಗ ಈ ವಿಷಯ ಪ್ರಸ್ತಾಪವಾಯಿತು. ನಾನು ಒಪ್ಪಲಿಲ್ಲ. ಒಪ್ಪಲಿಲ್ಲ ಎಂದು ಅವರಿಗೆ ತಿಳಿಯಲಿಲ್ಲ.

ಮೂರನೆಯವರು ಗೀತಾ ನಾಯ್ಕ. ಮನ್ಮನೆಯವರು, ಸಿದ್ದಾಪುರದಲ್ಲಿ ಪಶುವೈದ್ಯೆ. ಹೊಡೆದಾಟದ ಸಿನಿಮಾ ಚೆನ್ನಾಗಿರುತ್ತದೆ ಎಂದು ನಾಚಿಕೆಯಿಲ್ಲದೆ ಹೇಳುವ ಏಕೈಕ ಸದಸ್ಯೆ. ದಿನವಿಡೀ ಎಮ್ಮೆಗಳ ಜತೆ ವ್ಯವಹರಿಸಿ ಬಂದವರಿಗೆ, ಹೊಡೆದರೆ ತಕ್ಷಣ ಬೀಳುವ ಪ್ರಾಣಿಯನ್ನು ನೋಡುವುದೇ ಒಂದು ಸಮಾಧಾನವಂತೆ.

ನಾಲ್ಕನೆಯವರು ಸುಬ್ರಾಯ ಹೆಗಡೆ. ಈ ಬರಹ ಅವರ ಕುರಿತಾದದ್ದು.

ಸುಬ್ರಾಯಣ್ಣ ನಿಲ್ಕುಂದದವರು. ಶಾಲೆಗೆ ಹೋಗುವ ಕಾಲದಿಂದ ಚಿತ್ರಕಥೆಯ, ಅಂದರೆ ಕಾಮಿಕ್ಸ್ ಪುಸ್ತಕಗಳನ್ನು ಕೂಡಿಟ್ಟಿದ್ದರು. ಕನ್ನಡಕ್ಕೆ ಬಂದವು, ಮುಂಬಯಿಯಿಂದ ಬಂದ ಇಂಗ್ಲಿಷಿನವು, ವಾರಪತ್ರಿಕೆಯಿಂದ ಕತ್ತರಿಸಿ ಹೊಲಿದವು, ರದ್ದಿಯವನ ತಕ್ಕಡಿಯಿಂದ ಎಳೆದು ತಂದವು. ಉಳಿದವರು ಹರೆಯದಲ್ಲಿ ಬಿಟ್ಟದ್ದನ್ನು ಅವರು ಬಿಡಲಿಲ್ಲ, ಅಷ್ಟೆ. ಆದರೆ ನಿಲ್ಕುಂದದ ಮಳೆ ಕಾಗದದ ಪರವಾಗಿಲ್ಲ. ಅಲ್ಲಿ ಜೂನಿನಲ್ಲಿ ಗೋಡೆಗೆ ಒರಗಿಸಿಟ್ಟ ಪುಸ್ತಕ ಸೆಪ್ಟೆಂಬರಿನಲ್ಲಿ ಗೋಡೆಯ ಭಾಗವಾಗಿರುತ್ತದೆ. ಒಂದು ವರ್ಷ ಅರ್ಧ ಸಂಗ್ರಹ ಬೂಷ್ಟು ಹಿಡಿದು ಹೋಯಿತು. ಪುಟ ಬಿಡಿಸಿದರೆ ನಾಯಕ ಒಂದು ಪುಟಕ್ಕೆ, ಅವನ ಕುದುರೆ ಇನ್ನೊಂದು ಪುಟಕ್ಕೆ ಅಂಟಿಕೊಂಡು ಬರುತ್ತಿತ್ತಂತೆ. ಉಳಿದ ಅರ್ಧವನ್ನು ಅವರು ತಗಡಿನ ಪೆಟ್ಟಿಗೆಗಳಲ್ಲಿ ಹಾಕಿ, ಹುಳ ಬಾರದಂತೆ ನಡುನಡುವೆ ಒಣಗಿಸಿದ ಲಕ್ಕಿ ಸೊಪ್ಪು ಇಟ್ಟು, ಶಿರಸಿಗೆ ತಂದು ನಮ್ಮ ಮಹಡಿಯಲ್ಲಿ ಇಳಿಸಿದರು. ಪೈಗಳ ಕಟ್ಟಡ ಹಳೆಯದು, ದಪ್ಪ ಗೋಡೆ, ಸೋರುತ್ತಿರಲಿಲ್ಲ. ಬೇಕಾದವರು ಅಲ್ಲೇ ಕೂತು ಓದಬಹುದಿತ್ತು, ಮನೆಗೆ ಒಯ್ಯುವಂತಿರಲಿಲ್ಲ, ಕವಳ ಹಾಕಿಕೊಂಡು ಓದುವಂತಿರಲಿಲ್ಲ. ಈ ಕೊನೆಯ ನಿಯಮದಿಂದ ಓದುಗರು ಕಡಿಮೆಯಾದರು.

ಆ ಸಂಗ್ರಹದಲ್ಲಿ ಅವರಿಗೆ ಪ್ರಾಣವಾಗಿದ್ದವನು ‘ಹಿತ್ತಾಳೆ ಮೋರೆ’. ಒಂದು ಬಂದರು ಪಟ್ಟಣ, ಅಲ್ಲೊಬ್ಬ ಹಿತ್ತಾಳೆಯ ಮುಖವಾಡ ಹಾಕಿದ ವೀರ, ಅವನಿಗೆದುರಾಗಿ ಊರಿನ ಗಡಿಯಾರಗಳನ್ನೆಲ್ಲ ನಿಲ್ಲಿಸಲು ಹೊರಟ ಒಬ್ಬ ಪ್ರೊಫೆಸರ. ಇಷ್ಟೇ ಕತೆ. ಅಷ್ಟೂ ಪುಸ್ತಕಗಳಲ್ಲಿ ಒಂದು ಸಲವೂ ಮುಖವಾಡ ಕಳಚುವುದಿಲ್ಲ. ಆ ವರ್ಷ ಮೃಗಶಿರಾ ಮಳೆ ಹಿಡಿದ ವಾರದಲ್ಲೇ ಅದರ ಸಿನಿಮಾ, ಕನ್ನಡದ ಮಾತು ಕೂರಿಸಿಕೊಂಡು, ನಮ್ಮ ಟಾಕೀಸಿಗೆ ಬಂತು. ನಾಲ್ವರೂ ಹೋದೆವು. ಸುಬ್ರಾಯಣ್ಣ ಹೊಸ ಅಂಗಿ ಹಾಕಿಕೊಂಡು ಬಂದಿದ್ದರು.

ಹಿತ್ತಾಳೆ ಮೋರೆ ಪರದೆಗೆ ಬಂದ ಸ್ವಲ್ಪ ಹೊತ್ತಿಗೇ ಮುಖವಾಡ ತೆಗೆದು ಮೇಜಿನ ಮೇಲಿಟ್ಟ. ಅಷ್ಟು ದೊಡ್ಡ ನಟನನ್ನು ಕರೆಸಿ ಅವನ ಮುಖವನ್ನು ಮುಚ್ಚಿಡುವುದು ನಿರ್ಮಾಪಕರಿಗೆ ಲಾಭವಲ್ಲ. ಆಮೇಲೆ ಅವನು ಅತ್ತ. ಆಮೇಲೆ ಪ್ರೊಫೆಸರನ ಬಾಲ್ಯ ಬಂತು. ಅವನ ಅಪ್ಪ ಗಡಿಯಾರ ನೋಡಿ ನೋಡಿ ಅವನಿಗೆ ಹೊಡೆಯುತ್ತಿದ್ದನಂತೆ. ಈಗಿನ ಸಿನಿಮಾಗಳಲ್ಲಿ ಖಳನಿಗೆ ಸಣ್ಣವನಿದ್ದಾಗ ಯಾರೋ ಹೊಡೆದಿರಲೇಬೇಕು. ನಮ್ಮ ಕಾಲದಲ್ಲಿ ಎಲ್ಲರಿಗೂ ಹೊಡೆಯುತ್ತಿದ್ದರು. ನನ್ನ ತರಗತಿಯಿಂದ ಒಬ್ಬನೂ ನಗರ ನಾಶಕ್ಕೆ ಹೊರಡಲಿಲ್ಲ. ಗೀತಾ ಮಾತ್ರ ಹೊಡೆದಾಟ ಚೆನ್ನಾಗಿತ್ತು ಎಂದರು. ಡಾಕ್ಟರು, ಒಂದು ಒಳ್ಳೆಯ ಗಿಟಾರ್ ಸಂಗೀತವನ್ನು ತಂದು ಕಾರು ಅಟ್ಟಿಸಿಕೊಂಡು ಹೋಗುವ ದೃಶ್ಯಕ್ಕೆ ಬಳಸಿದ್ದಾರೆಂದು ಮೂರು ದಿನ ಮಾತು ಬಿಟ್ಟರು.

ಸುಬ್ರಾಯಣ್ಣ ಹೊರಗೆ ಬಂದು ಕೊಡೆ ಬಿಚ್ಚಲು ಮರೆತು ಮಳೆಯಲ್ಲೇ ನಿಂತಿದ್ದರು.

“ನಲವತ್ತು ವರ್ಷ ಆನು ನೋಡದ್ದೇ ಇದ್ದ ಮೋರೆ ಅದು ಮಾಸ್ತರ್ರೇ,” ಎಂದರು. “ಈಗ ಕಣ್ಣು ಮುಚ್ಚಿರೆ ಆ ನಟನ ಮೀಸೆನೇ ಕಾಣ್ತು. ಎರಡು ಚೌಕದ ನಡುವೆ ಬಿಳಿ ಜಾಗ ಇರ್ತಲಿ, ಅಲ್ಲಿ ಅಂವ ಎಂತ ಮಾಡ್ತ ಹೇಳದನ್ನ ಆನು ನಿಶ್ಚಯ ಮಾಡ್ತೆ. ಅಲ್ಲಿ ಹೊಕ್ಕಲೆ ಇವ್ಕೆ ಅಧಿಕಾರ ಕೊಟ್ಟವ್ಯಾರು?”

ಚಿತ್ರಕಥೆಯನ್ನು ಸಿನಿಮಾ ಮಾಡುವುದರ ಬಗ್ಗೆ ಆಮೇಲೆ ನಾನು ಎಷ್ಟೋ ವಿದ್ವತ್ಪೂರ್ಣ ಲೇಖನ ಓದಿದ್ದೇನೆ. ಅಷ್ಟರಲ್ಲೂ ಇದಕ್ಕಿಂತ ಹೆಚ್ಚಿನದೇನೂ ಇರಲಿಲ್ಲ, ಅಡಿಟಿಪ್ಪಣಿಗಳಿದ್ದವು.

ಅದೇ ವಾರ ಪೈಗಳು ನನ್ನನ್ನು ಅಂಗಡಿಗೆ ಕರೆದರು. ಅವರ ಅಣ್ಣನ ಮಗ ಪ್ರಕಾಶನಿಗೆ ಮಹಡಿ ಬೇಕಿತ್ತು. ಚೌತಿ ಹಬ್ಬಕ್ಕೆ ಮೊದಲು ರೆಡಿಮೇಡ್ ಶರ್ಟುಗಳ ಲೋಡು ಬರುತ್ತದೆ, ಮೇಲೆ ಹೊಸ ವಿಭಾಗ ತೆರೆಯಬೇಕು. ಹುಡುಗ ಕೆಟ್ಟವನಲ್ಲ, ದುಡಿಯುವವನು. ಅದೇ ಕಷ್ಟವಾಗಿತ್ತು, ಬೈಯಲು ಆಗುತ್ತಿರಲಿಲ್ಲ. ಬಾಡಿಗೆಯ ಮಾತನ್ನು ಪೈಗಳು ಎಂದೂ ಎತ್ತಿದವರಲ್ಲ, ಈಗಲೂ ಎತ್ತಲಿಲ್ಲ. ಪುಸ್ತಕಗಳು ನಿಲ್ಕುಂದಕ್ಕೆ ಹಿಂದಿರುಗಿದರೆ ಒಂದು ಮಳೆಗಾಲವೂ ಬಾಳುವುದಿಲ್ಲ ಎಂದು ನಾನು ವಿವರಿಸಿದೆ. ಅವರು ಬಟ್ಟೆ ಅಳೆಯುವ ಕೋಲನ್ನು ಕೈಯಲ್ಲಿ ತಿರುಗಿಸುತ್ತ ಕೇಳಿದರು.

“ಊರಿನವರು ಬರುವಂಥದ್ದು ಏನಾದರೂ ಆಗಬೇಕು ಮಾಸ್ತರ್ರೇ,” ಎಂದರು. “ನಾಲ್ಕು ಜನ ಜಗಳ ಮಾಡ್ಲಿಕ್ಕೆ ಒಂದು ಮಹಡಿ ಬೇಕಾ? ಜಗಳ ರಸ್ತೆಯಲ್ಲೂ ಆಗ್ತದೆ. ಚೌತಿವರೆಗೆ ನೋಡುವಾ. ಜನ ಬಂದರೆ ಪ್ರಕಾಶನಿಗೆ ನಾನು ಹೇಳ್ತೇನೆ.”

ಆರಿದ್ರಾ ಮಳೆಯಲ್ಲಿ ನಾನು ಒಂದು ಸಿನಿಮಾ ತೋರಿಸಿದೆ. ಪರದೇಶದ್ದು, ಕಪ್ಪು ಬಿಳುಪು, ಮಾತು ಕಡಿಮೆ. ಅದರಲ್ಲಿ ಮುದುಕನೊಬ್ಬ ಬಾವಿಯಿಂದ ನೀರು ಸೇದುತ್ತಾನೆ. ಮನುಷ್ಯನ ಒಂಟಿತನವನ್ನು ಅಷ್ಟು ಸಾವಕಾಶವಾಗಿ ಯಾರೂ ತೋರಿಸಿಲ್ಲ. ಕೆಲವರು ಬಂದರು. ಬಂದವರಲ್ಲಿ ಹೆಚ್ಚಿನವರು ಮಳೆ ನಿಲ್ಲಲಿ ಎಂದು ಕಾಯುತ್ತಿದ್ದವರು. ಮಳೆ ನಿಂತಿತು. ಕೊನೆಯವರೆಗೆ ಉಳಿದ ಪೈಗಳು, ಕೊಡಪಾನ ತುಂಬಿತೋ ಇಲ್ಲವೋ ಎಂದು ಕೇಳಿದರು. ಅದನ್ನು ನಿರ್ದೇಶಕರು ತೋರಿಸಿರಲಿಲ್ಲ.

ಪುನರ್ವಸುವಿನಲ್ಲಿ ಡಾಕ್ಟರು ಯಂತ್ರವನ್ನೂ ತಟ್ಟೆಗಳನ್ನೂ ಮಹಡಿಗೆ ಹೊರಿಸಿ ತಂದರು. ಉಚಿತ ದಂತ ತಪಾಸಣೆ ಇದೆ ಎಂದು ಹೇಗೋ ಸುದ್ದಿಯಾಗಿ ಜನ ಕೆನ್ನೆ ಹಿಡಿದುಕೊಂಡು ಬಂದರು. ಗಿಟಾರಿನವನು ಒಬ್ಬನೇ ನುಡಿಸುವ ಮುಖ್ಯ ಭಾಗಕ್ಕೆ ಬರುವಾಗ ಸರಿಯಾಗಿ ಕರೆಂಟು ಹೋಯಿತು. ತಟ್ಟೆ ನರಳಿ ನಿಂತಿತು. ಪಕ್ಕದ ಕಟ್ಟಡದ ತಗಡಿನ ಮೇಲೆ ಮಳೆ ಮಾತ್ರ ಬಾರಿಸುತ್ತಿತ್ತು. ಡಾಕ್ಟರು ಸ್ವಲ್ಪ ಹೊತ್ತು ಕೇಳಿ, ತಾಳ ಚೆನ್ನಾಗಿದೆ ಎಂದು ಒಪ್ಪಿಕೊಂಡರು. ಅಲ್ಲಿಗೆ ನಮ್ಮ ಎರಡು ಪ್ರಯತ್ನಗಳೂ ಮುಗಿದವು. ಸುಬ್ರಾಯಣ್ಣ ಪೆಟ್ಟಿಗೆಗಳಿಗೆ ಹೊಸ ಸೊಪ್ಪು ಹಾಕಲು ಬಂದವರು, ಹಳೆಯದನ್ನೂ ಎಸೆಯದೆ ಅದರ ಮೇಲೇ ಹೊಸದನ್ನು ಹಾಕಿ ಹೋದರು. ಪೆಟ್ಟಿಗೆಗಳು ನಿಲ್ಕುಂದದ ಮಳೆಗೆ ಹೊರಡಲು ತಯಾರಾಗುತ್ತಿವೆ ಎಂದು ಹೇಳದಿದ್ದರೂ ನಮಗೆ ಅರ್ಥವಾಯಿತು.

ದಾರಿ ತೋರಿಸಿದವರು ಗೀತಾ. ಅವರು ಮನ್ಮನೆಯ ಹೆಂಗಸರ ತಾಳಮದ್ದಳೆ ತಂಡದಲ್ಲಿ ಅರ್ಥ ಹೇಳುತ್ತಿದ್ದರು. ತಾಳಮದ್ದಳೆಗೆ ವೇಷ ಬೇಡ, ಕುಣಿತ ಬೇಡ. ಭಾಗವತರು ಪದ್ಯ ಹಾಡಬೇಕು, ಅರ್ಥಧಾರಿಗಳು ಶಾಲು ಹೊದ್ದು ಕೂತಲ್ಲೇ ಪಾತ್ರವಾಗಿ ವಾದಕ್ಕೆ ಇಳಿಯಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಇದಕ್ಕೆ ಸೇರುವಷ್ಟು ಜನ ಮದುವೆಗೂ ಸೇರುವುದಿಲ್ಲ.

“ಜಗಳವೇ ಮಾಡದಾದ್ರೆ ಅದಕ್ಕೊಂದು ಪದ್ಧತಿ ಅದೆಯಲ್ಲ ಮಾಸ್ತರ್ರೇ,” ಎಂದರು. “ಮದ್ದಳೆ ಇಟ್ಕಂಡು ಮಾಡುವ. ನೀವು ಪದ್ಯ ಬರೀರಿ. ಹಿತ್ತಾಳೆ ಮೋರೆ ಪ್ರಸಂಗ.”

ನಾನು ಬರೆದೆ. ಭಾಮಿನಿ ಷಟ್ಪದಿಯಲ್ಲಿ ಬಂದರು ಪಟ್ಟಣವನ್ನು ವರ್ಣಿಸಿದ ಮೊದಲ ಇತಿಹಾಸ ಅಧ್ಯಾಪಕ ನಾನೇ ಇರಬೇಕು. ಎರಡನೆಯವರು ಬಂದ ಸುದ್ದಿಯಿಲ್ಲ. ಯಲ್ಲಾಪುರದ ಆಚೆಯ ನಂದೊಳ್ಳಿಯಿಂದ ಒಬ್ಬ ಹಿರಿಯ ಭಾಗವತರು ಬರಲು ಒಪ್ಪಿದರು. ಪದ್ಯ ಓದಿ, ಇದು ಯಾವ ಪುರಾಣ ಎಂದು ಕೇಳಿದರು. ಸುಬ್ರಾಯಣ್ಣ ಸಂಪುಟದ ಸಂಖ್ಯೆ ಸಹಿತ ಹೇಳಿದರು. ಭಾಗವತರು ತಲೆಯಾಡಿಸಿದರು. ಡಾಕ್ಟರು ಹಿತ್ತಾಳೆ ಮೋರೆಯ ಪ್ರವೇಶಕ್ಕೆ ಗಿಟಾರು ಇರಲಿ ಎಂದು ಹಟ ಹಿಡಿದರು. ಭಾಗವತರು, ಇರಲಿ, ಮದ್ದಳೆ ನಿಂತ ಮೇಲೆ ಎಂದರು. ಮದ್ದಳೆ ನಿಲ್ಲಲಿಲ್ಲ.

ಪುಷ್ಯದ ಮೊದಲ ಭಾನುವಾರ, ಊಟದ ನಂತರ, ಮಹಡಿ ತುಂಬಿತು. ಮೆಟ್ಟಿಲುಗಳೂ ತುಂಬಿದವು. ಪೈಗಳು ಕೆಳಗಿನಿಂದ ಜಮಖಾನೆ ಹೊರಿಸಿ ತಂದು ಮುಂದಿನ ಸಾಲಿನಲ್ಲಿ ಕೂತರು. ಸುಬ್ರಾಯಣ್ಣ ಹಿತ್ತಾಳೆ ಮೋರೆ, ಗೀತಾ ಪ್ರೊಫೆಸರ. ಅಲ್ಲಿ ಒಂದು ವಿಚಿತ್ರ ನಡೆಯಿತು. ಬಿಳಿ ಪಂಚೆ, ಶಾಲು, ಹಣೆಗೆ ಕುಂಕುಮ ಇಟ್ಟುಕೊಂಡು ಕೂತ ಆ ಮನುಷ್ಯ “ಈ ಹಿತ್ತಾಳೆಯ ಹಿಂದೆ ಯಾರಿದ್ದಾನೆಂದು ನನ್ನ ತಾಯಿಗೂ ತಿಳಿಯದು” ಎಂದು ಬಾಯಿ ತೆರೆದಾಗ, ಎದುರಿಗೆ ಮುಖವಾಡ ಕಂಡಿತು. ಇಲ್ಲದ್ದರಿಂದ ಕಂಡಿತು. ಚಿತ್ರಕಥೆಗೆ ಅತ್ಯಂತ ನಿಷ್ಠವಾದ ರೂಪಾಂತರ ಯಾವುದೆಂದರೆ ಚಿತ್ರವೇ ಇಲ್ಲದ್ದು. ಇದನ್ನು ಕೋಟಿಗಟ್ಟಲೆ ಸುರಿದ ನಿರ್ಮಾಪಕರಿಗೆ ತಿಳಿಸಬೇಕೆಂದಿದ್ದೆ, ವಿಳಾಸ ಸಿಗಲಿಲ್ಲ.

ವಾದ ಬೆಳೆಯಿತು. ಗಡಿಯಾರ ನಿಲ್ಲಿಸಿ ಜನರ ಬದುಕನ್ನೇ ನಿಲ್ಲಿಸಲು ಹೊರಟ ದ್ರೋಹಿ ಎಂದು ವೀರ ಗುಡುಗಿದ. ನಾನು ನಿಲ್ಲಿಸಿದ್ದು ಮುಳ್ಳನ್ನು, ಹಸು ಗಬ್ಬವಾಗುವುದನ್ನಲ್ಲ, ಬತ್ತ ತೆನೆ ಬಿಡುವುದನ್ನಲ್ಲ ಎಂದರು ಪ್ರೊಫೆಸರ. ಸಭೆ ತಲೆದೂಗಿತು. ಆಮೇಲೆ ಗೀತಾ ದನಿ ಇಳಿಸಿದರು.

“ಅಯ್ಯಾ ಹಿತ್ತಾಳೆ ಮೋರೆಯವನೇ, ಒಂದು ಮಾತು ಹೇಳು. ನಿನ್ನ ಮೊದಲ ಪುಸ್ತಕ ಓದಿದ ಹುಡುಗನ ಗಡ್ಡ ಈಗ ನೆರೆತಿದೆ. ನಿನ್ನ ಕೂದಲು ಒಂದಾದರೂ ನೆರೆತಿದೆಯೇ? ನಿನ್ನ ಗಡಿಯಾರವನ್ನು ನಿನ್ನನ್ನು ಬರೆದವರು ಎಂದೋ ನಿಲ್ಲಿಸಿದ್ದಾರೆ. ನಿನಗೊಬ್ಬನಿಗೆ ಸಿಕ್ಕಿದ ವರವನ್ನು ನಾನು ಊರಿಗೆಲ್ಲ ಕೊಡಲು ಹೊರಟರೆ ಅದು ಅಪರಾಧ ಹೇಗಾಯಿತು?”

ಸುಬ್ರಾಯಣ್ಣ ಬಾಯಿ ತೆರೆದರು.  ಕೈ ತಾನಾಗಿ ತಮ್ಮ ಗಡ್ಡಕ್ಕೆ ಹೋಯಿತು. ನಿಯಮದಂತೆ ಪ್ರೊಫೆಸರ ಸೋಲಬೇಕು; ಯುದ್ಧದ ಪದ್ಯ ನಾನು ಬರೆದೇ ಕೊಟ್ಟಿದ್ದೆ. ಭಾಗವತರು ಅದನ್ನು ಎತ್ತಿದರು. ಹಿತ್ತಾಳೆ ಮೋರೆ ಕೈಯೆತ್ತಿ ತಡೆದ. ಈ ಮಾತಿಗೆ ಉತ್ತರ ಸಿಗುವತನಕ ಆಯುಧ ಮುಟ್ಟಲಾರೆ, ಇಂದಿಗೆ ಇಷ್ಟೇ ಎಂದು ಶಾಲು ಸರಿಪಡಿಸಿಕೊಂಡು ಎದ್ದೇಬಿಟ್ಟ. ಭಾಗವತರು ಅಷ್ಟು ವರ್ಷದ ಅನುಭವದಲ್ಲಿ ಇಂಥದ್ದು ಕಂಡವರಲ್ಲ. ಪ್ರಸಂಗ ಮುಗಿಯದೆ ಕೊನೆಯ ಮಂಗಳ ಹಾಡುವುದು ಹೇಗೆ? ಹಾಡಲಿಲ್ಲ. ತಾಳವನ್ನು ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ಹೋದರು.

ಮರುದಿನ ಬೆಳಿಗ್ಗೆ ಪ್ರಕಾಶ ಟೇಪು ಹಿಡಿದು ಮಹಡಿ ಅಳೆಯಲು ಹತ್ತುತ್ತಿದ್ದನಂತೆ. ಪೈಗಳು ಗಲ್ಲಾಪೆಟ್ಟಿಗೆಯಿಂದಲೇ ಅವನನ್ನು ತಡೆದರು.

“ಮಂಗಳ ಆಗಲಿಲ್ಲ ಮಾರಾಯ,” ಎಂದರು. “ಮಂಗಳ ಆಗದೆ ರಂಗಸ್ಥಳ ಎತ್ತುವುದುಂಟಾ? ಪ್ರಸಂಗ ಮುಗೀಲಿ, ಆಮೇಲೆ ನಿನ್ನ ಶರ್ಟು.”

ಪ್ರಕಾಶನೂ ಇದೇ ಊರಿನವನು. ಟೇಪು ಸುತ್ತಿ ಜೇಬಿಗೆ ಹಾಕಿಕೊಂಡ.

ಹೀಗೆ ನಮಗೆ ಮಹಡಿ ಉಳಿಸಿಕೊಳ್ಳುವ ಉಪಾಯ ತಾನಾಗಿ ಸಿಕ್ಕಿತು. ಪ್ರಸಂಗ ಮುಗಿಯಬಾರದು, ಮಂಗಳ ಹಾಡಬಾರದು. ಪುಷ್ಯ ಹೋಗಿ ಆಶ್ಲೇಷಾ ಬಂತು, ಆಶ್ಲೇಷಾ ಹೋಗಿ ಮಖೆ ಬಂತು. ಭಾನುವಾರ ಬಂದರೆ ಸಿದ್ದಾಪುರದಿಂದ, ಯಲ್ಲಾಪುರದಿಂದ ಜನ ಬರುತ್ತಿದ್ದರು. ಒಗೆದ ಬಟ್ಟೆ ಯಾರ ಮನೆಯಲ್ಲೂ ಒಣಗದ ಆ ದಿನಗಳಲ್ಲಿ ಇಡೀ ಮಹಡಿ ಹಸಿ ಪಂಚೆಯ, ಕಾಪಿಯ, ಲಕ್ಕಿ ಸೊಪ್ಪಿನ ವಾಸನೆಯಾಗಿತ್ತು. ಬೇಗ ಬಂದವರು ಪೆಟ್ಟಿಗೆ ತೆಗೆಸಿ ಹಿಂದಿನ ಸಂಪುಟ ಓದಿ ತಯಾರಾಗುತ್ತಿದ್ದರು, ಕವಳ ಉಗಿದು ಬಾಯಿ ತೊಳೆದು. ಸುಬ್ರಾಯಣ್ಣ ಒಂದೊಂದು ವಾರ ಒಂದೊಂದು ಉತ್ತರ ತರುತ್ತಿದ್ದರು, ಗೀತಾ ಅದನ್ನು ಕರು ಎಳೆದಷ್ಟು ಸಲೀಸಾಗಿ ಎಳೆದು ಹೊರಗೆ ಹಾಕುತ್ತಿದ್ದರು. ಪ್ರತಿ ಸಲ ಹೊರಡುವ ಮೊದಲು ನಾನು ಭಾಗವತರ ಹತ್ತಿರ ಹೋಗಿ, ಮಂಗಳ ಬೇಡ ಎಂದು ನೆನಪಿಸುತ್ತಿದ್ದೆ. ಅವರು ಒಲ್ಲದ ಮನಸ್ಸಿನಿಂದ, ಊಟಕ್ಕೆ ಕೂತು ಮಜ್ಜಿಗೆ ಅನ್ನ ಉಣ್ಣದೆ ಎದ್ದವರಂತೆ ಎದ್ದು ಹೋಗುತ್ತಿದ್ದರು. ಡಾಕ್ಟರರೂ ಗೊಣಗುತ್ತಿದ್ದರು. ಇದು ಗುಂಡಿ ತಿರುಗಿಸಿ ಓಡಿಹೋಗುವ ಹಾಡು, ಮುಗಿಸಲು ಬಾರದವರ ಕೆಲಸ ಎಂದು ಅವರ ದೂರು.

ಚೌತಿಗೆ ಮೊದಲಿನ ಭಾನುವಾರ ಬಂತು. ಶರ್ಟಿನ ಲೋಡು ಹುಬ್ಬಳ್ಳಿಯಿಂದ ಹೊರಟಿತ್ತು. ಈ ಒಂದು ದಿನ ದಾಟಿದರೆ ಹಬ್ಬದ ವ್ಯಾಪಾರ ಕೆಳಗೇ ಮುಗಿಯುತ್ತದೆ, ಮಹಡಿ ಈ ವರ್ಷಕ್ಕೆ ಉಳಿಯುತ್ತದೆ ಎಂದು ಪೈಗಳೇ ಸೂಚನೆ ಕೊಟ್ಟಿದ್ದರು. ಮಾಡಬೇಕಾದದ್ದು ಇಷ್ಟೇ: ಹಿತ್ತಾಳೆ ಮೋರೆ ಇನ್ನೊಮ್ಮೆ ಸುಮ್ಮನೆ ಸೋಲಬೇಕು. ಇದನ್ನು ಸುಬ್ರಾಯಣ್ಣನಿಗೆ ಊಟದ ಹೊತ್ತಿನಲ್ಲಿ ನಾನು ಬಿಡಿಸಿ ಹೇಳಿದೆ. ಹೂಂ ಎಂದರು.

ಗೀತಾ ತಮ್ಮ ಮಾತನ್ನು ಮತ್ತೆ ಎತ್ತಿದರು: ವಯಸ್ಸಾಗದ ನಿನಗೆ ಗಡಿಯಾರದ ಹಂಗೇನು? ಸುಬ್ರಾಯಣ್ಣ ಎಂದಿನಂತೆ ತಡವರಿಸಲಿಲ್ಲ. ಪೆಟ್ಟಿಗೆಗಳ ಕಡೆ ಒಮ್ಮೆ ನೋಡಿದರು.

“ಹೌದು ಪ್ರೊಫೆಸರ, ನನಗೆ ವಯಸ್ಸಾಗುವುದಿಲ್ಲ. ಆದರೆ ನನ್ನನ್ನು ಓದುವವನಿಗೆ ಆಗುತ್ತದೆ. ಹುಡುಗನಾಗಿ ಓದಿದಾಗ ಅವನು ನನ್ನ ಹೊಡೆತವನ್ನು ಮೆಚ್ಚಿದ. ಮದುವೆಯಾದ ಮೇಲೆ ಓದಿದಾಗ ನಾನು ಒಬ್ಬಂಟಿ ಎಂದು ಕಂಡುಕೊಂಡ. ಈಗ ಗಡ್ಡ ನೆರೆತ ಮೇಲೆ ಓದಿ, ನಿನ್ನ ಮೇಲೂ ಅವನಿಗೆ ಕನಿಕರ ಬಂದಿದೆ. ನಾನು ಬದಲಾಗಲಿಲ್ಲ, ಅವನ ಗಡಿಯಾರ ನಡೆದದ್ದರಿಂದ ನಾನು ಪ್ರತಿ ಸಲ ಹೊಸಬನಾದೆ. ಅದನ್ನು ನಿಲ್ಲಿಸಿದರೆ ನಾನು ಒಂದೇ ಸಲ ಓದಿ ಎಸೆದ ಪುಸ್ತಕ. ನನ್ನನ್ನು ಬದುಕಿಸಿದ್ದು ನಿಂತ ಗಡಿಯಾರವಲ್ಲ, ನಡೆಯುವ ಗಡಿಯಾರ.”

 ಗೀತಾ ಬಹಳ ಹೊತ್ತು ಅವರ ಮುಖ ನೋಡಿದರು. ಏನಾದರೊಂದು ಹೇಳಿ ಎಳೆದು ಹಾಕಿ ಎಂದು ನಾನು ಸಭೆಯ ನಡುವಿನಿಂದ ಕಣ್ಸನ್ನೆ ಮಾಡಿದೆ. ಅವರು ಎದೆಗೆ ಕೈ ಇಟ್ಟುಕೊಂಡು, ಪ್ರೊಫೆಸರನ ಪಾತ್ರದಲ್ಲೇ, ಸೋತೆನಯ್ಯಾ ಎಂದರು. ಅಷ್ಟು ಒಳ್ಳೆಯ ಮಾತಿಗೆ ಸುಳ್ಳು ಉತ್ತರ ಕೊಡುವುದು ತಾಳಮದ್ದಳೆಯವರಿಗೆ ಆಗುವ ಕೆಲಸವಲ್ಲ.

ಪ್ರಸಂಗ ಮುಗಿದಿತ್ತು. ಭಾಗವತರು ಕೈಗಡಿಯಾರ ನೋಡಿಕೊಂಡರು. ಯಲ್ಲಾಪುರದ ಬಸ್ಸಿಗೆ ಹೊತ್ತಾಗಿತ್ತು. ಸರಿಯಾಗಿ ಮುಗಿದ ಪ್ರಸಂಗದ ಕೊನೆಯಲ್ಲಿ ಬಾಯಿ ಏನು ಮಾಡುತ್ತದೋ ಅವರ ಬಾಯಿ ಅದನ್ನೇ ಮಾಡಿತು. ಅಷ್ಟು ಭಾನುವಾರ ತಡೆದಿಟ್ಟದ್ದೆಲ್ಲ ಸೇರಿ, ಮಂಗಳ ತುಂಬು ಕಂಠದಲ್ಲಿ ಹೊರಟಿತು.

ನಿಲ್ಲಿಸಬಹುದಿತ್ತು ಎಂದು ಆಮೇಲೆ ಹಲವರು ಹೇಳಿದರು. ಹೇಗೆ ನಿಲ್ಲಿಸುವುದು? ಸಭೆ ಎದ್ದು ನಿಂತಿತು. ಕೈಗಳು ಕೂಡಿಕೊಂಡವು. ಪೈಗಳು ಕಣ್ಣು ಮುಚ್ಚಿದರು. ಬಾಗಿಲಲ್ಲಿ ನಿಂತಿದ್ದ ಪ್ರಕಾಶ ಚಪ್ಪಲಿ ಬಿಟ್ಟು ಕೈ ಮುಗಿದ. ಸುಬ್ರಾಯಣ್ಣನೂ ಮುಗಿದಿದ್ದರು. ನಾನು, ಪ್ರತಿ ವಾರ ಬೇಡವೆಂದು ನೆನಪಿಸಿದವನು, ನನ್ನ ಕೈಗಳನ್ನು ನೋಡಿಕೊಂಡೆ, ಅವೂ ಕೂಡಿಕೊಂಡಿದ್ದವು. ಮಂಗಳದ ನಡುವೆ ಬಾಯಿ ಹಾಕುವವನು ನಮ್ಮ ಮೂರು ತಾಲೂಕಿನಲ್ಲಿ ಇನ್ನೂ ಹುಟ್ಟಿಲ್ಲ.

ಮುಗಿದ ಮೇಲೆ ಭಾಗವತರಿಗೆ ಅರಿವಾಯಿತು. ತಾಳ ಹಿಡಿದುಕೊಂಡು ನಿಂತೇ ಇದ್ದರು, ಬಸ್ಸು ಹೋಯಿತು. ಪೈಗಳು ಜಮಖಾನೆಯ ಅಂಚನ್ನು ಕಾಲಿನಿಂದ ಸರಿಮಾಡುತ್ತ ನನ್ನ ಮುಖ ನೋಡದೆ, “ಮಂಗಳ ಆಯ್ತಲ್ಲ ಮಾಸ್ತರ್ರೇ,” ಎಂದರು. ಅವರಿಗೆ ನಮ್ಮಷ್ಟೇ ಬೇಜಾರಾಗಿತ್ತು. ಆದರೆ ಮಾತು ತಪ್ಪುವಂತಿರಲಿಲ್ಲ, ತಪ್ಪಿ ಎಂದು ನಾವೂ ಕೇಳುವಂತಿರಲಿಲ್ಲ.

ನಾನು ಸುಬ್ರಾಯಣ್ಣನ ಹತ್ತಿರ ಹೋದೆ. ಒಂದು ವಾರ ತಡೆದುಕೊಳ್ಳಬಾರದಿತ್ತೇ ಎಂದು ಕೇಳಿದೆ. ಅವರು ಶಾಲು ಮಡಚುತ್ತಿದ್ದರು.

“ಉತ್ತರ ಸಿಕ್ಕಿದ ಮೇಲೆ ಹೇಳದ್ದೇ ಇಪ್ಪಲೆ ಆಗ್ತಿಲ್ಲೆ ಮಾಸ್ತರ್ರೇ,” ಎಂದರು. “ಎಂತ ಮಾಡ್ಲಿ. ಪುಸ್ತಕ ಹೋದ್ರೂ ಅಂವ ಸೋತ ಹೇಳಿ ಅಪ್ಪಲಾಗ.”

 ಅದಕ್ಕೆ ಉತ್ತರ ಡಾಕ್ಟರರ ಬಳಿ ಇತ್ತು. ಹಿಂದಿನ ಸಾಲಿನಿಂದ ಎದ್ದು ಬಂದು, ಇಡೀ ಮಳೆಗಾಲದಲ್ಲಿ ಇದೊಂದೇ ಸರಿಯಾಗಿ ಮುಗಿದದ್ದು ಎಂದು ಘೋಷಿಸಿ, ಪೆಟ್ಟಿಗೆಯೊಂದರ ಹಿಡಿ ಹಿಡಿದು ತೂಕ ನೋಡಿದರು. ಕ್ಲಿನಿಕ್ಕಿನ ಎಕ್ಸ್‌ರೇ ಕೋಣೆ ಒಣಗಿದೆ, ಯಂತ್ರಕ್ಕೆ ತೇವ ತಾಗಬಾರದೆಂದು ತಾನು ಮನೆಗಿಂತ ಹೆಚ್ಚು ಕಾಳಜಿ ಮಾಡುತ್ತೇನೆ, ಅಲ್ಲಿ ಒಂದು ಗೋಡೆ ಖಾಲಿ ಇದೆ ಎಂದರು. ಷರತ್ತು ಒಂದೇ. ಸುಬ್ರಾಯಣ್ಣ ಸೊಪ್ಪು ಬದಲಿಸಲು ಬಂದಾಗೆಲ್ಲ ಒಂದು ತಟ್ಟೆಯ ಒಂದು ಬದಿಯನ್ನು ಪೂರ್ತಿ ಕೂತು ಕೇಳಬೇಕು, ನಡುವೆ ಏಳಬಾರದು. ಸುಬ್ರಾಯಣ್ಣ ಸ್ವಲ್ಪ ಯೋಚಿಸಿದರು. ಅವರ ದೃಷ್ಟಿಯಲ್ಲಿ ಅದು ಸಣ್ಣ ಬೆಲೆಯಾಗಿರಲಿಲ್ಲ. ಆಮೇಲೆ ಪೆಟ್ಟಿಗೆಯ ಇನ್ನೊಂದು ಹಿಡಿ ಹಿಡಿದರು. ಎರಡನೆಯದನ್ನು ಗೀತಾ ಒಬ್ಬರೇ ಎತ್ತಿದರು. ಮೂರನೆಯದಕ್ಕೆ ಪ್ರಕಾಶ ಕೈ ಹಾಕಿದ. ಭಾಗವತರು ಆ ರಾತ್ರಿ ನಮ್ಮ ಮನೆಯಲ್ಲಿ ಉಳಿದರು. ಮಜ್ಜಿಗೆ ಅನ್ನ ಎರಡು ಸಲ ಹಾಕಿಸಿಕೊಂಡರು.

ಪುಸ್ತಕಗಳು ಈಗಲೂ ಎಕ್ಸ್‌ರೇ ಕೋಣೆಯಲ್ಲಿವೆ. ಅವುಗಳಿಗೆ ಬೂಷ್ಟು ಬಂದಿಲ್ಲ. ಪೈಗಳ ಮಹಡಿಯಲ್ಲಿ ಶರ್ಟುಗಳಿವೆ. ನಾನು ಎರಡು ತಂದೆ, ಒಂದರ ಬಣ್ಣ ಬಿಟ್ಟಿತು.